ಅಗ್ಗದ ದಾರಿಯ ಲೆಕ್ಕ

ಎನ್.ಆರ್.ಪುರಕ್ಕೆ ಊರು ನೋಡಲೆಂದು ಬರುವವರು ಕಡಿಮೆ. ಶೃಂಗೇರಿಗೆ ಹೊರಟವರು, ಹೊರನಾಡಿಗೆ ಹೊರಟವರು, ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೆ ಹೊರಟವರು ನಮ್ಮ ಬಸ್ ನಿಲ್ದಾಣದಲ್ಲಿ ಇಳಿಯುತ್ತಾರೆ, ಒಂದು ಲೋಟ ಕಾಫಿ ಕುಡಿಯುತ್ತಾರೆ, ಮುಂದಿನ ಬಸ್ಸು ಎಷ್ಟೊತ್ತಿಗೆ ಅಂತ ವಿಚಾರಿಸಿ ಹತ್ತಿ ಹೋಗುತ್ತಾರೆ. ಸಿಂಹನಗದ್ದೆ ಬಸ್ತಿಯ ಜ್ವಾಲಾಮಾಲಿನಿ ಅಮ್ಮನಿಗೆ ನಡೆದುಕೊಳ್ಳುವ ಕುಟುಂಬಗಳು ಮಾತ್ರ ಊರಿಗೇ ಅಂತ ಬರುತ್ತವೆ. ಇಂಥ ಊರಿಗೆ ಅಕ್ಕನ ಮಗಳು 2024ರ ಜನವರಿಯಲ್ಲಿ ಬೆನ್ನ ಮೇಲೆ ತನ್ನರ್ಧ ಎತ್ತರದ ಚೀಲ ಹೊತ್ತು ಬಂದಾಗ ಪಕ್ಕದ ಮನೆಯವರು, 'ಟ್ರೆಕ್ಕಿಂಗಾ? ಇಲ್ಲಿ ಎಂತ ಉಂಟು ಅಂತ?' ಎಂದು ಕೇಳಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಮನೆಯಲ್ಲಿ ಅವಳನ್ನು ಕರೆಯುವುದು ಪುಟ್ಟಿ ಅಂತ. ಹೈದರಾಬಾದಿನಲ್ಲಿ ಕೆಲಸ. ರಜೆ ಸಿಕ್ಕಾಗಲೆಲ್ಲ ಕಡಿಮೆ ಖರ್ಚಿನಲ್ಲಿ ಊರೂರು ಅಲೆಯುವುದು, ಅದರ ಪೈಸೆ ಪೈಸೆಯನ್ನೂ ಮೊಬೈಲಿನಲ್ಲಿ ಬರೆದಿಡುವುದು ಅವಳ ಹುಚ್ಚು. 'ಚಿಕ್ಕಮ್ಮ, ನಿನ್ನೂರು, ಕೊಪ್ಪ, ಶೃಂಗೇರಿ, ಕುಪ್ಪಳಿ, ಶಿವಮೊಗ್ಗ. ಅಲ್ಲಿಂದ ಫ್ಲೈಟು. ನೀನೂ ಬಾ. ದಿನಕ್ಕೆ ಒಬ್ಬರಿಗೆ ಐನೂರು ದಾಟಬಾರದು. ಫ್ಲೈಟು ಬೇರೆ ಲೆಕ್ಕ' ಎಂದಳು. ಹೈದರಾಬಾದಿನಲ್ಲಿ ಅವಳ ರೂಮಿನಲ್ಲೇ ನಾಲ್ಕು ದಿನ ಇದ್ದು ಬರುವುದು ಅಂತ ತೀರ್ಮಾನವಾಯಿತು. ನಾನು ಹುಟ್ಟಿ ಬೆಳೆದ ದಾರಿಯನ್ನೇ ಇನ್ನೊಬ್ಬಳ ಲೆಕ್ಕದ ಪುಸ್ತಕ ಹಿಡಿದು ನೋಡಿದ್ದು ಆಗಲೇ.

ಮೊದಲ ದಿನ ಅವಳನ್ನು ಹಿನ್ನೀರಿಗೆ ಕರೆದುಕೊಂಡು ಹೋದೆ. 2023ರಲ್ಲಿ ಮಳೆ ಕೈಕೊಟ್ಟಿತ್ತು. ಭದ್ರಾ ಜಲಾಶಯದ ನೀರು ಜನವರಿಗೇ ಹಿಂದೆ ಸರಿದು, ಕೆಂಪು ಮಣ್ಣಿನ ದಡ ಮೆಟ್ಟಿಲು ಮೆಟ್ಟಿಲಾಗಿ ಎದ್ದು ಕಾಣುತ್ತಿತ್ತು. ಅಲ್ಲಲ್ಲಿ ಕರ್ರಗಾದ ಮರದ ಬೊಡ್ಡೆಗಳು. ಪುಟ್ಟಿ ಫೋಟೋ ತೆಗೆದು, 'ಎಂಟ್ರಿ ಫೀ ಸೊನ್ನೆ' ಎಂದು ಬರೆದುಕೊಂಡಳು. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಗದ್ದೆ, ತೋಟ, ಊರುಗಳು ನೀರಿನಡಿಗೆ ಹೋದವು. ಆ ನೀರು ನಾಲೆಯಲ್ಲಿ ಹರಿದು ದಾವಣಗೆರೆ ಸೀಮೆಯಲ್ಲಿ ಭತ್ತವಾಯಿತು. ನಮ್ಮಜ್ಜಿಯ ತವರಿನ ಕಡೆಯವರ ಗದ್ದೆಯೂ ಹಾಗೇ ಹೋದದ್ದು. ದುಡ್ಡು ಕೊಡದೆ ನೋಡುವ ಈ ನೋಟಕ್ಕೆ ಯಾರೋ ಮೊದಲೇ ದುಡ್ಡು ಕಟ್ಟಿಯಾಗಿದೆ ಎನ್ನಬೇಕೆನ್ನಿಸಿತು. ಹುಡುಗಿಯ ಉತ್ಸಾಹಕ್ಕೆ ತಣ್ಣೀರು ಯಾಕೆ ಎಂದು ಸುಮ್ಮನಾದೆ.

ಅಜ್ಜಿ ಕೊನೆಯವರೆಗೂ ಊರನ್ನು ಎಡೇಹಳ್ಳಿ ಎಂದೇ ಕರೆಯುತ್ತಿದ್ದರು. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ 1915ರಲ್ಲಿ ಬಂದುಹೋದ ನೆನಪಿಗೆ ಇಟ್ಟದ್ದು ಈಗಿನ ಹೆಸರು. ತರೀಕೆರೆಯಿಂದ ಕಾಡಿನೊಳಗೆ ಹಾದು ಬರುತ್ತಿದ್ದ ಪುಟ್ಟ ಟ್ರಾಮ್ ರೈಲನ್ನು ಅಜ್ಜಿ ಕಂಡಿದ್ದರು. ನಾನು ಹುಟ್ಟುವಷ್ಟರಲ್ಲಿ ಹಳಿಯ ಗುರುತೂ ಉಳಿದಿರಲಿಲ್ಲ. ನಮ್ಮ ಕಾಲಕ್ಕೆ ಹೊರಗಿನ ಲೋಕ ಅಂದರೆ ಬಸ್ಸು. ಬಸ್ಸು ಅಂದರೆ ಮೊದಲು ಶಂಕರ್ ಕಂಪನಿ, ಆಮೇಲೆ ಸಹಕಾರ ಸಾರಿಗೆ.

ಸಹಕಾರ ಸಾರಿಗೆಯ ಕತೆಯನ್ನು ಹೊರಗಿನವರಿಗೆ ಹೇಳಿದರೆ ಮೊದಲು ನಂಬುವುದಿಲ್ಲ. ಮಲೆನಾಡಿನ ರಸ್ತೆಗಳಲ್ಲಿ ಬಸ್ಸು ಓಡಿಸುತ್ತಿದ್ದ ಶಂಕರ್ ಕಂಪನಿ ನಿಂತುಹೋದಾಗ, ಅಲ್ಲಿ ದುಡಿಯುತ್ತಿದ್ದ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಸಂಘ ಕಟ್ಟಿ ಬಸ್ಸು ಓಡಿಸತೊಡಗಿದರು. ದುಡಿಯುವವರೇ ಯಜಮಾನರು. ನಾನಾಗ ಕೊಪ್ಪದ ಕಾಲೇಜಿಗೆ ಹೋಗುತ್ತಿದ್ದೆ. ನಮ್ಮ ಕೈಯಲ್ಲಿ ರಿಯಾಯಿತಿ ಪಾಸು. ಮಧ್ಯಕ್ಕೆ ಮಡಿಸಿ ಮಡಿಸಿ ಹರಿದ ರಟ್ಟಿಗೆ ಅಂಟಿನ ಪಟ್ಟಿ ಹಚ್ಚಿಕೊಂಡು ವರ್ಷವಿಡೀ ಓಡಾಡಿದ್ದೇವೆ. ಬೆಳಗಿನ ಬಸ್ಸಿನ ಕಂಡಕ್ಟರಿಗೆ ಯಾವ ಗೇಟಿನ ಬಳಿ ಯಾವ ಹುಡುಗಿ ನಿಲ್ಲುತ್ತಾಳೆ ಎಂಬುದು ಗೊತ್ತು. ನಿಂತಿಲ್ಲದಿದ್ದರೆ ಡ್ರೈವರು ಎರಡು ಸಲ ಹಾರನ್ ಹೊಡೆಯುವರು. ತೋಟದ ದಾರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬಂದವಳಿಗೆ 'ನಿಧಾನ ಮಾರಾಯ್ತಿ, ಬಸ್ಸು ಎಲ್ಲೂ ಓಡಿಹೋಗಲ್ಲ' ಎಂಬ ಸಮಾಧಾನ. ಪೇಪರ್ ಕಟ್ಟು, ಔಷಧಿಯ ಪೊಟ್ಟಣ, ಮದುವೆಯ ಕಾಗದ, ಪಂಪ್‌ಸೆಟ್ಟಿನ ಬಿಡಿಭಾಗ ಎಲ್ಲ ಆ ಬಸ್ಸಿನಲ್ಲೇ. ಮಳೆಗಾಲದಲ್ಲಿ ಕಿಟಕಿಯ ಟಾರ್ಪಾಲು ಇಳಿಸಿದರೆ ಒಳಗೆಲ್ಲ ಒದ್ದೆ ಕಂಬಳಿಯ, ಅಡಿಕೆಯ, ಡೀಸೆಲ್ಲಿನ ವಾಸನೆ.

ಡಿಗ್ರಿ ಮುಗಿದ ವರ್ಷ ನಾನೂ ನನ್ನ ಗೆಳತಿಯೂ ಒಂದೊಂದು ಏರ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟದ್ದು ಅದೇ ಬಸ್ಸಿನಲ್ಲಿ. ಹೆಣ್ಣುಮಕ್ಕಳು ಇಬ್ಬರೇ ಹೊರಡುತ್ತೇವೆ ಅಂದಾಗ ಮನೆಯಲ್ಲಿ ಒಪ್ಪಿದ್ದು ಒಂದೇ ಕಾರಣಕ್ಕೆ: 'ಸಹಕಾರದವರು ಇದ್ದಾರಲ್ಲ, ನೋಡಿಕೊಳ್ತಾರೆ.' ಕೊಪ್ಪ, ಹರಿಹರಪುರ, ಶೃಂಗೇರಿ; ಶೃಂಗೇರಿಯಲ್ಲಿ ಮಠದ ಊಟ, ಛತ್ರದಲ್ಲಿ ಚಾಪೆ. ಆಮೇಲೆ ಘಟ್ಟ ಇಳಿದು ಮಂಗಳೂರು. ಅಲ್ಲಿ ನಮಗಿದ್ದ ಕೆಲಸ ಎರಡೇ: ಸಮುದ್ರ ನೋಡುವುದು, ಬಜಪೆಯಲ್ಲಿ ವಿಮಾನ ನೋಡುವುದು. 1951ರ ಡಿಸೆಂಬರ್ 25ರಂದು ನೆಹರೂ ಅವರೇ ಬಂದಿಳಿದು ಶುರುವಾದ ನಿಲ್ದಾಣ ಅದು. ನಾವು ಹೋದಾಗಲೂ ಬೇಲಿಯ ಹೊರಗೆ ವಿಮಾನ ನೋಡಲಿಕ್ಕೆಂದೇ ಮಕ್ಕಳು ಮರಿ ಕಟ್ಟಿಕೊಂಡು ಬಂದವರು ನಿಂತಿದ್ದರು. ಒಂದು ವಿಮಾನ ಏರಿತು. ಗೆಳತಿ 'ಇದರೊಳಗೆ ಕೂರೋರು ಹೇಗಿರ್ತಾರೆ ಅಂತ ನೋಡಬೇಕಿತ್ತು' ಅಂದಳು. ವಿಮಾನದೊಳಗೆ ನಾವೇ ಕೂರುವ ಮಾತು ಇಬ್ಬರ ತಲೆಗೂ ಬರಲಿಲ್ಲ. ಕಡಲೆಕಾಯಿ ತಿಂದು, ಬಸ್ಸು ಹತ್ತಿ, ವಾಪಸ್ಸು ಘಟ್ಟ ಹತ್ತಿದೆವು.

ಈಗ ಪುಟ್ಟಿಯ ಜೊತೆ ಕೊಪ್ಪಕ್ಕೆ ಹೊರಟಾಗ ಹುಡುಕಿದರೂ ಆ ಬಸ್ಸಿಲ್ಲ. ಡೀಸೆಲ್ಲು, ಬಿಡಿಭಾಗ, ವಿಮೆ, ತೆರಿಗೆ ಎಲ್ಲ ಏರುತ್ತ ಹೋಯಿತು. ಮನೆಮನೆಗೆ ಬೈಕು, ಕಾರು ಬಂದು ಸೀಟುಗಳು ಖಾಲಿಯಾದವು. ನಷ್ಟ ತಾಳಲಾಗದೆ 2020ರ ಫೆಬ್ರುವರಿಯಲ್ಲಿ ಸಹಕಾರ ಸಾರಿಗೆ ಓಟ ನಿಲ್ಲಿಸಿತು. ಮರು ತಿಂಗಳು ಕೊರೊನಾ ಬಂದು ಬೇರೆ ಬಸ್ಸುಗಳೂ ನಿಂತದ್ದರಿಂದ, ಆ ಸಾವಿಗೆ ಸರಿಯಾಗಿ ಅಳುವುದಕ್ಕೂ ನಮಗೆ ಪುರುಸೊತ್ತಾಗಲಿಲ್ಲ. ಖಾಸಗಿ ಬಸ್ಸಿನಲ್ಲಿ ಕೊಪ್ಪ ತಲುಪಿ, ಅಲ್ಲಿಂದ ಇನ್ನೊಂದು ಹಿಡಿದು ಹರಿಹರಪುರದ ಮೇಲೆ ಶೃಂಗೇರಿಗೆ ಹೋದೆವು. ಪುಟ್ಟಿ ಎರಡೂ ಟಿಕೆಟ್ಟಿನ ಮೊತ್ತ ಬರೆದು, 'ಇದೇನು ಚಿಕ್ಕಮ್ಮ, ಹೆಂಗಸರಿಗೆ ಫ್ರೀ ಅಲ್ವಾ?' ಎಂದಳು. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆ ಇರುವುದು ಸರ್ಕಾರಿ ಬಸ್ಸಿಗೆ. ನಮ್ಮ ಕಡೆ ಬಹುಪಾಲು ಓಡುವುದು ಖಾಸಗಿ ಬಸ್ಸು. ತೋಟದ ಕೆಲಸಕ್ಕೆ ದಿನಾ ಬಸ್ಸು ಹತ್ತುವ ಹೆಂಗಸರು ಪಕ್ಕದ ಸೀಟಿನಲ್ಲೇ ಕೂತಿದ್ದರು. ಅವರೂ ದುಡ್ಡು ಕೊಟ್ಟೇ ಟಿಕೆಟು ತೆಗೆದುಕೊಂಡರು.

ಶೃಂಗೇರಿಯಲ್ಲಿ ಪುಟ್ಟಿಯ ಲೆಕ್ಕದ ಪುಸ್ತಕಕ್ಕೆ ಹಬ್ಬ. ಕೋಣೆಗೆ ಮಠದ ಯಾತ್ರಿ ನಿವಾಸ, ಬಾಡಿಗೆ ನಮ್ಮ ಐನೂರರೊಳಗೇ. ಊಟಕ್ಕೆ ಮಠದ ಭೋಜನಶಾಲೆ. ಉದ್ದದ ಸಾಲಿನಲ್ಲಿ ಕೂತೆವು. ತಟ್ಟೆ ಬಂತು, ಅನ್ನ ಬಂತು. ಸಾರಿನ ಬಕೆಟ್ಟು ಹಿಡಿದವರು ಸೌಟನ್ನು ಅಂಚಿಗೆ ಒಮ್ಮೆ ತಟ್ಟಿ, ಒಂದು ಹನಿ ಚೆಲ್ಲದ ಹಾಗೆ, ಹೆಜ್ಜೆ ನಿಲ್ಲಿಸದೆ ಬಡಿಸುತ್ತ ಹೋದರು. ಅನ್ನದ ಗುಡ್ಡೆಗೆ ಮಧ್ಯ ಗುಳಿ ಮಾಡಿಕೊಳ್ಳುವುದು ಹೇಗೆಂದು ಪುಟ್ಟಿಗೆ ತೋರಿಸುವಷ್ಟರಲ್ಲಿ ಸಾರು ದಾಟಿ ಹೋಗಿತ್ತು. ಎದುರಿನ ಸಾಲಿನ ಅಜ್ಜ, 'ಕರೀರಿ ಕರೀರಿ, ಮತ್ತೆ ಬರ್ತಾರೆ' ಎಂದರು. ಬಂದರು. ಪಾಯಸ, ಮತ್ತೆ ಅನ್ನ, ಕೊನೆಗೆ ಮಜ್ಜಿಗೆ. ಉಣ್ಣುತ್ತಿದ್ದವರಲ್ಲಿ ಕಾರಿನಲ್ಲಿ ಬಂದವರೂ ಇದ್ದರು, ಬರಿಗಾಲಲ್ಲಿ ಬಂದವರೂ ಇದ್ದರು. ಯಾರನ್ನೂ ಯಾರೂ ಎಲ್ಲಿಂದ ಅಂತ ಕೇಳಲಿಲ್ಲ.

ಕೈತೊಳೆದು ತುಂಗೆಯ ಮೆಟ್ಟಿಲಿಗೆ ಬಂದೆವು. ಮಂಡಕ್ಕಿಗೆ ಬಾಯಿ ತೆರೆದು ಒಂದರ ಮೇಲೊಂದು ಬೀಳುವ ಮೀನುಗಳನ್ನು ನೋಡುತ್ತ ಪುಟ್ಟಿ ಮೊಬೈಲು ತೆಗೆದು 'ಊಟ ಸೊನ್ನೆ' ಎಂದು ಬರೆದಳು. ಆಗ ನಾನು ಬಾಯಿಬಿಟ್ಟೆ. 'ಸೊನ್ನೆ ಅಂತ ಬರೀಬೇಡ. ಬೇರೆಯವರು ಕೊಟ್ಟರು ಅಂತ ಬರಿ.'

'ಯಾರು ಕೊಟ್ಟರು?'

'ಅನ್ನದಾನಕ್ಕೆ ಅಂತ ದುಡ್ಡು ಕಟ್ಟಿದವರು. ಮಗನ ಉಪನಯನಕ್ಕೆ, ಅಪ್ಪನ ತಿಥಿಗೆ, ಅಡಿಕೆಗೆ ರೇಟು ಬಂದ ವರ್ಷ.'

ಅವಳು ಒಂದು ಗಳಿಗೆ ಯೋಚಿಸಿ ಲೆಕ್ಕದಲ್ಲಿ ಹೊಸದೊಂದು ಕಲಮು ಮಾಡಿದಳು. ತಲೆಬರಹ: 'ಬೇರೆಯವರದು'. ಅಂದಿನಿಂದ ಆ ಪ್ರವಾಸದ ಲೆಕ್ಕ ಎರಡು ಸಾಲಿನಲ್ಲಿ ನಡೆಯಿತು. ನನಗೂ ಹುರುಪು ಬಂತು.

ಮರುದಿನ ಕುಪ್ಪಳಿ. ಗಡಿಕಲ್ಲಿನಲ್ಲಿ ಇಳಿದು ಚೀಲ ಹೊತ್ತು ನಡೆದೆವು. ಕವಿಮನೆಯ ತೊಟ್ಟಿ, ಮರದ ಕಂಬ, ಮುಂಡಿಗೆ ಎಲ್ಲ ನನಗೆ ಹೊಸತಲ್ಲ. ಅಂಥ ಮನೆಗಳಲ್ಲಿ ರಜೆ ಕಳೆದವಳು ನಾನು. ಪುಟ್ಟಿಗೆ ಹೊಸತು. ಕವಿಶೈಲದ ಬಂಡೆಯ ಮೇಲೆ ಕೂತು ಅವಳು, 'ಶಿವಮೊಗ್ಗದ ಏರ್‌ಪೋರ್ಟಿಗೆ ಇವರದೇ ಹೆಸರಲ್ವಾ?' ಎಂದಳು. ಹೌದು, ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ. ಕಾಲ್ನಡಿಗೆಯಲ್ಲಿ ಕಾಡು ಸುತ್ತಿದ ಕವಿಯ ಹೆಸರು.

ಅಲ್ಲಿಂದ ತೀರ್ಥಹಳ್ಳಿ. ತೀರ್ಥಹಳ್ಳಿಯಲ್ಲಿ ಕೊನೆಗೂ ಒಂದು ಕೆಂಪು ಬಸ್ಸು ಸಿಕ್ಕಿತು. ಆಧಾರ್ ತೋರಿಸಿದೆವು. ಕಂಡಕ್ಟರ್ ಮಷೀನಿನಿಂದ ಎರಡು ಶೂನ್ಯ ಟಿಕೆಟ್ ಹರಿದುಕೊಟ್ಟರು. 'ಇದು ಯಾರದು ಚಿಕ್ಕಮ್ಮ?' ಎಂದು ಪುಟ್ಟಿ ಕೇಳುವ ಮೊದಲೇ ಬರೆದುಕೊಂಡಿದ್ದಳು: ಸರ್ಕಾರ. ಸರ್ಕಾರ ಅಂದರೆ ಪೆಟ್ರೋಲು ಹಾಕಿಸುವ, ಸೋಪು ಕೊಳ್ಳುವ, ಬೆಂಕಿಪೊಟ್ಟಣ ಕೊಳ್ಳುವ ಎಲ್ಲರೂ. ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಮಗಳ ಮನೆಗೆ ಹೊರಟ ಅಜ್ಜಿಯೊಬ್ಬರು, 'ಮೊದಲೆಲ್ಲ ವರ್ಷಕ್ಕೊಂದು ಸಲ, ಈಗ ಮನಸ್ಸಾದಾಗೆಲ್ಲ' ಎಂದು ನಕ್ಕರು. ಬಾಯಲ್ಲಿ ಕವಳ, ಮಡಿಲಲ್ಲಿ ಹಲಸಿನ ಹಪ್ಪಳದ ಕಟ್ಟು. ಈ ಕಲಮಿನಲ್ಲಿ ಬರೆಯುವುದು ತಲೆತಗ್ಗಿಸುವ ವಿಷಯ ಅಲ್ಲ ಎಂಬುದು ಆ ಅಜ್ಜಿಯ ಮುಖ ನೋಡಿದರೆ ತಿಳಿಯುತ್ತಿತ್ತು.

ಶಿವಮೊಗ್ಗದಲ್ಲಿ ರಾತ್ರಿ ಉಳಿದೆವು. ಬಸ್ ನಿಲ್ದಾಣದ ಹತ್ತಿರದ ಲಾಡ್ಜು, ಗಾಂಧಿ ಬಜಾರಿನಲ್ಲಿ ಸುತ್ತಾಟ, ಬೆಳಿಗ್ಗೆ ಬೆಣ್ಣೆ ಹಾಕಿದ ಖಾಲಿದೋಸೆ. ಬಜೆಟ್ಟಿನೊಳಗೆ ಆರಾಮವಾಗಿ ಇದ್ದೆವು. ಬಜೆಟ್ಟು ಒಡೆದದ್ದು ಸೋಗಾನೆಯ ದಾರಿಯಲ್ಲಿ. ವಿಮಾನ ನಿಲ್ದಾಣ ಇರುವುದು ಅಲ್ಲೇ, ಊರಿನಿಂದ ಆಚೆ. ನಮ್ಮ ಹೊತ್ತಿಗೆ ಬಸ್ಸು ಸಿಗಲಿಲ್ಲ. ಆಟೋದವರು ಹೇಳಿದ ಬಾಡಿಗೆ ಕೇಳಿ ಪುಟ್ಟಿ ಬಾಯಿಮೇಲೆ ಕೈಯಿಟ್ಟುಕೊಂಡಳು. ಎನ್.ಆರ್.ಪುರದಿಂದ ಶಿವಮೊಗ್ಗದವರೆಗೆ ನಾವಿಬ್ಬರೂ ಬಸ್ಸಿಗೆ ಕೊಟ್ಟದ್ದಕ್ಕಿಂತ ಅದು ಹೆಚ್ಚು. ಚೌಕಾಶಿ ನಡೆಯಲಿಲ್ಲ. 'ಬರುವಾಗ ಖಾಲಿ ಬರ್ಬೇಕಮ್ಮ' ಎನ್ನುವುದೊಂದೇ ಅವರ ಮಾತು. ದಾರಿಯುದ್ದಕ್ಕೂ ನಾವು ಹಿಂದಿನ ಸೀಟಿನಲ್ಲಿ ಪಿಸುಗುಟ್ಟುತ್ತ ಅವರನ್ನು ಬೈದದ್ದೇ ಬೈದದ್ದು.

ವಿಮಾನ ನಿಲ್ದಾಣ ದೂರದಿಂದಲೇ ಕಮಲದ ಆಕಾರದಲ್ಲಿ ಕಾಣುತ್ತದೆ. ಸುಮಾರು 450 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಿದ ಇದನ್ನು ಪ್ರಧಾನಿಯವರು ಉದ್ಘಾಟಿಸಿದ್ದು 2023ರ ಫೆಬ್ರುವರಿ 27ರಂದು; ಆ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ನವೆಂಬರಿನಲ್ಲಿ ಸ್ಟಾರ್ ಏರ್‌ನವರು ಹೈದರಾಬಾದ್, ತಿರುಪತಿ, ಗೋವಾಗಳಿಗೆ ಶುರುಮಾಡಿದರು. ಇದನ್ನು ನಡೆಸುವುದು ರಾಜ್ಯ ಸರ್ಕಾರವೇ. ಮೂರು ಕಿಲೋಮೀಟರಿಗೂ ಉದ್ದದ ಓಡುದಾರಿ ಬಿದ್ದಿರುವುದು ಸೋಗಾನೆಯ ರೈತರು ಉಳುತ್ತಿದ್ದ ನೆಲದ ಮೇಲೆ. ಪುಟ್ಟಿಯ ಎರಡನೆಯ ಕಲಮಿನಲ್ಲಿ ಅವರಿಗೂ ಒಂದು ಸಾಲು ಬೇಕಿತ್ತು.

ಒಳಗೆ ತಕ್ಕಡಿಯ ಮುಂದೆ ಇನ್ನೊಂದು ಪ್ರಸಂಗ. ಅಕ್ಕನಿಗೆಂದು ಅಮ್ಮ ಕಟ್ಟಿಕೊಟ್ಟಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ ನನ್ನ ಕೈಚೀಲದಲ್ಲಿತ್ತು. ಅದನ್ನು ಮೇಲೆ ಒಯ್ಯುವಂತಿಲ್ಲ, ದೊಡ್ಡ ಚೀಲದಲ್ಲಿ ಹಾಕಿ ಎಂದರು. ದೊಡ್ಡ ಚೀಲದಲ್ಲಿ ಜಾಗವಿಲ್ಲ. ಪುಟ್ಟಿ ಅಲ್ಲೇ ನೆಲದ ಮೇಲೆ ಕೂತು ಚೀಲ ಬಿಚ್ಚಿದಳು. ಒದ್ದೆ ಟವೆಲ್ಲು, ಕುಪ್ಪಳಿಯಲ್ಲಿ ಕೊಂಡ ಪುಸ್ತಕ, ಚಪ್ಪಲಿ, ಶಾರದಾಂಬೆಯ ಕುಂಕುಮದ ಪೊಟ್ಟಣ, ಒಂದು ಸೇರು ಕೆಂಪಕ್ಕಿ ಎಲ್ಲ ಹೊಳೆಯುವ ನೆಲದ ಮೇಲೆ ಹರಡಿದವು. ಜಾಡಿಗೆ ನನ್ನ ಹಳೆಯ ಸ್ವೆಟರು ಸುತ್ತಿ ಮಧ್ಯದಲ್ಲಿ ಕೂರಿಸಿದಳು. ಕೌಂಟರಿನ ಹುಡುಗಿ ಬಗ್ಗಿ ನೋಡಿ, 'ಜೀರಿಗೆ ಮಿಡಿನಾ ಆಂಟಿ?' ಎಂದು ಕೇಳಿದಳು. ಸಾಗರದ ಕಡೆಯವಳಂತೆ. ನಾನು ಅಪ್ಪೆ ಎಂದೆ. ಅವಳು ಟ್ಯಾಗು ಕಟ್ಟುವಾಗ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ನಿಧಾನ ಇಟ್ಟಳು.

ಕಾಯುವಾಗ ಪುಟ್ಟಿ ವಿಮಾನದ ಟಿಕೆಟ್ಟನ್ನು ಲೆಕ್ಕಕ್ಕೆ ಸೇರಿಸಿದಳು. ಒಬ್ಬರಿಗೆ ಎರಡು ಸಾವಿರ ಚಿಲ್ಲರೆ. ಹೈದರಾಬಾದಿಗೆ ರಾತ್ರಿಯಿಡೀ ಹೋಗುವ ಹವಾನಿಯಂತ್ರಿತ ಬಸ್ಸಿಗಿಂತ ತುಸು ಹೆಚ್ಚು, ಅಷ್ಟೆ. ಇಷ್ಟು ಅಗ್ಗ ಹೇಗೆ ಅಂತ ಅವಳೇ ಹುಡುಕಿ ಓದಿ ಹೇಳಿದಳು. 2016ರಲ್ಲಿ ಬಂದ ಉಡಾನ್ ಯೋಜನೆಯಲ್ಲಿ ಸಣ್ಣ ಊರಿನ ದಾರಿಗಳಲ್ಲಿ ವಿಮಾನದ ಅರ್ಧದಷ್ಟು ಸೀಟುಗಳಿಗೆ ದರದ ಮಿತಿ ಕಟ್ಟಿದ್ದಾರೆ. ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ. ಕಂಪನಿಗೆ ಬೀಳುವ ಕೊರತೆಯನ್ನು ತುಂಬಿಕೊಡುತ್ತಾರೆ. ದೊಡ್ಡ ಊರುಗಳ ನಡುವೆ ಹಾರುವ ವಿಮಾನಗಳ ಮೇಲೆ ಹಾಕಿದ ಸುಂಕದಿಂದ ಒಂದಷ್ಟು, ರಾಜ್ಯ ಸರ್ಕಾರದ ಪಾಲು ಒಂದಷ್ಟು. ಈ ನೆರವೂ ಮೂರು ವರ್ಷದ ಮಟ್ಟಿಗೆ. ಆಮೇಲೆ ದಾರಿ ತನ್ನ ಕಾಲ ಮೇಲೆ ನಿಲ್ಲಬೇಕು. ಸರ್ಕಾರದ ಆಸರೆಯಿಲ್ಲದೆ ಇದನ್ನು ಮಾಡಹೊರಟವರು ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ, ಒಂದು ರೂಪಾಯಿಯ ಟಿಕೆಟ್ಟನ್ನೂ ಮಾರಿ, ಪಂಚೆ ಉಟ್ಟವರನ್ನು ವಿಮಾನ ಹತ್ತಿಸಿದರು. ಅದರ ನಷ್ಟವನ್ನು ಕಂಪನಿಯೇ ಹೊತ್ತಿತು. ಕೊನೆಗೆ ಕಿಂಗ್‌ಫಿಷರ್ ಜೊತೆ ಸೇರಿ ಅದರ ಹೆಸರೇ ಅಳಿಯಿತು.

ನನಗೆ ಸಹಕಾರ ಸಾರಿಗೆ ನೆನಪಾಗದೆ ಇರಲು ಸಾಧ್ಯವೇ ಇರಲಿಲ್ಲ. ನನ್ನ ರಿಯಾಯಿತಿ ಪಾಸಿನ ಕೊರತೆ ತುಂಬಿದವರು ಯಾರು? ಆ ಹಾರನ್ ಹೊಡೆದ ಡ್ರೈವರು, ಗೇಟು ನೆನಪಿಟ್ಟ ಕಂಡಕ್ಟರು. ತಮ್ಮ ಸಂಬಳದಿಂದ, ತಮ್ಮದೇ ಸಂಘದ ಗಳಿಕೆಯಿಂದ. ಒಳದಾರಿಯಲ್ಲಿ ನಾಲ್ಕೇ ಜನ ಹತ್ತುವ ಕಡೆಗೂ ಬಸ್ಸು ಬಿಟ್ಟರು. ಹೈದರಾಬಾದಿಗೆ ಹಾರುವ ನನ್ನ ಸೀಟಿನ ಕೊರತೆ ತುಂಬಲು ಒಂದು ಯೋಜನೆಯಿದೆ, ಅದಕ್ಕೊಂದು ಹೆಸರಿದೆ, ನಿಧಿಯಿದೆ, ಅವಧಿಯಿದೆ. ಕೊಪ್ಪದ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿಯ ಸೀಟಿಗೆ ಅಂಥದೊಂದು ನಿಧಿ ಇದ್ದಿದ್ದರೆ ಆ ಬಸ್ಸುಗಳು ಇವತ್ತೂ ಓಡುತ್ತಿದ್ದವೇನೋ. ವಿಮಾನಕ್ಕೆ ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ಕೂತೇ ಬಂದವಳು. ಕೊಡುವುದು ನಾಚಿಕೆಯ ವಿಷಯವಲ್ಲ ಎಂದಾದ ಮೇಲೆ, ಬಸ್ಸಿಗೂ ಕೊಡಬಹುದಿತ್ತು.

ವಿಮಾನ ಏರಿತು. ಕಿಟಕಿಯ ಪಕ್ಕ ನನ್ನನ್ನೇ ಕೂರಿಸಿದ್ದಳು. ಕಾಡಿನ ಕಡುಹಸಿರು ಹಿಂದಾಗಿ, ಬಯಲು ಶುರುವಾದ ಕಡೆ ನಾಲೆಯ ಗೆರೆಗಳು, ಅವುಗಳ ಪಕ್ಕ ಅಡಿಕೆ ತೋಟಗಳ ಚೌಕಗಳು. ಬರದ ವರ್ಷ, ನಾಲೆಯಿಂದ ಆಚೆ ಎಲ್ಲ ಒಣಗಿದ ಬಣ್ಣ. ಭದ್ರೆಯ ನೀರು ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ಮೇಲಿನಿಂದ ಬಣ್ಣದಲ್ಲೇ ಓದಬಹುದಿತ್ತು. ಅಜ್ಜಿಯ ತವರಿನ ಗದ್ದೆಗೆ ಬದಲಾಗಿ ಏನು ಬಂತು ಅಂತ ಮೊದಲ ಸಲ ಕಣ್ಣಾರೆ ಕಂಡೆ. ಸಿಟ್ಟು ಬರಲಿಲ್ಲ. ಬೇರೆಯವರ ಊಟದ ಲೆಕ್ಕದಲ್ಲಿ ನಮ್ಮ ಮನೆಯ ಹೆಸರೂ ಒಂದು ಸಾಲಿನಲ್ಲಿ ಇದೆ ಅನ್ನಿಸಿತು.

ಹೈದರಾಬಾದಿನಲ್ಲಿ ಇಳಿದು, ಮರುದಿನ ಪುಟ್ಟಿಯ ರೂಮಿನಿಂದ ಚಾರ್‌ಮಿನಾರಿಗೆ ಸಿಟಿ ಬಸ್ಸು ಹತ್ತಿದೆವು. ಹಿಂದಿನ ತಿಂಗಳಷ್ಟೇ ತೆಲಂಗಾಣದಲ್ಲೂ ಹೆಂಗಸರಿಗೆ ಉಚಿತ ಪ್ರಯಾಣ ಶುರುವಾಗಿತ್ತು. 2023ರ ಡಿಸೆಂಬರ್ 9ರಿಂದ, ಮಹಾಲಕ್ಷ್ಮಿ ಎಂಬ ಹೆಸರಿನಲ್ಲಿ. ಕಂಡಕ್ಟರ್ ಹೆಂಗಸು ನಮ್ಮ ಆಧಾರ್ ಕಾರ್ಡು ನೋಡಿ, ಕರ್ನಾಟಕದ ವಿಳಾಸ ನೋಡಿ, ತಲೆಯಾಡಿಸಿ ಟಿಕೆಟು ಹರಿದಳು. ಸುತ್ತಲಿನ ಹೆಂಗಸರ ಕೈಯಲ್ಲೆಲ್ಲ ಶೂನ್ಯದ ಚೀಟಿ, ನಮ್ಮ ಕೈಯಲ್ಲಿ ದುಡ್ಡಿನ ಚೀಟಿ. ಆ ಊರಿನ ಲೆಕ್ಕಕ್ಕೆ ನಾವು ಸೇರಿರಲಿಲ್ಲ, ಅದರಲ್ಲಿ ತಪ್ಪೇನೂ ಇರಲಿಲ್ಲ.

ರಾತ್ರಿ ಪುಟ್ಟಿ ಎರಡೂ ಕಲಮು ಕೂಡಿಸಲು ಕೂತಳು. ಎರಡನೆಯದಕ್ಕೆ ಅಂಕಿ ಹಾಕುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಬದಲಿಗೆ ಒಂದೊಂದು ಸಾಲಿನ ಮುಂದೂ ಕೊಟ್ಟವರ ಹೆಸರು ಬರೆದೆವು: ಹಿನ್ನೀರಿಗೆ ಮುಳುಗಿದ ಹಳ್ಳಿಯವರು, ಊಟಕ್ಕೆ ಅನ್ನದಾನದವರು, ಕೆಂಪು ಬಸ್ಸಿಗೆ ರಾಜ್ಯದ ಜನ, ವಿಮಾನಕ್ಕೆ ಸೋಗಾನೆಯ ರೈತರು ಮತ್ತು ದಿಲ್ಲಿ–ಮುಂಬೈಗೆ ಹಾರುವವರು. ಎದುರು ಯಾರ ಹೆಸರೂ ಬರೆಯಲಾಗದೆ ಉಳಿದ ದೊಡ್ಡ ಮೊತ್ತ ಒಂದೇ, ಆಟೋ ಬಾಡಿಗೆ. ಹೋಗುವ ಡೀಸೆಲ್ಲು, ಖಾಲಿ ಬರುವ ಡೀಸೆಲ್ಲು, ಅವರ ದಿನದ ಕೂಲಿ ಎಲ್ಲ ಸೇರಿಸಿ ಪೂರ್ತಿ ಬೆಲೆ ಕೇಳಿದವರು ಅವರೊಬ್ಬರೇ. ದಾರಿಯಲ್ಲಿ ನಾವು ಬೈದದ್ದೂ ಅವರೊಬ್ಬರನ್ನೇ. ಸಹಕಾರ ಸಾರಿಗೆಯವರು ನಮ್ಮ ಹತ್ತಿರ ಒಂದು ದಿನವೂ ಪೂರ್ತಿ ಬೆಲೆ ಕೇಳದೆ ಇದ್ದದ್ದು ಯಾಕೆಂದು ನನಗೆ ಆಗ ಹೊಳೆಯಿತು. ಕೇಳಿದ್ದರೆ ಅವರನ್ನೂ ನಾವು ಹೀಗೇ ಬೈಯುತ್ತಿದ್ದೆವು, ಮಾರನೆಯ ದಿನ ಬೈಕು ಕೊಳ್ಳುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು.